ಎಲ್ಲರ ಹೊಣೆ ಎಂದರೆ ಯಾರ ಹೊಣೆ?

ಕಟ್ಟುತ್ತಿರುವ ಕಟ್ಟಡವೊಂದು ಕುಸಿದು ಜನ ಸತ್ತ ಮರುದಿನ ನಮ್ಮಲ್ಲಿ ನಡೆಯುವುದೆಲ್ಲ ಹೆಚ್ಚು ಕಡಿಮೆ ಒಂದೇ ರೀತಿ. ಮಾಲೀಕರು, 'ನಾನು ಹಣ ಕೊಟ್ಟವನು ಮಾತ್ರ, ಕಟ್ಟಿದವನು ಗುತ್ತಿಗೆದಾರ' ಎನ್ನುತ್ತಾರೆ. ಗುತ್ತಿಗೆದಾರ, 'ನಕ್ಷೆ ಮಾಡಿಕೊಟ್ಟವರು ಎಂಜಿನಿಯರು' ಎನ್ನುತ್ತಾನೆ. ಎಂಜಿನಿಯರು, 'ನನ್ನ ನಕ್ಷೆಯಂತೆ ಕಟ್ಟಲೇ ಇಲ್ಲ' ಎಂದು ಹೇಳಿಕೆ ಕೊಡುತ್ತಾರೆ. ಮೇಸ್ತ್ರಿ, 'ಹೇಳಿದ್ದನ್ನು ಮಾಡಿದೆ' ಎನ್ನುತ್ತಾನೆ. ಪಾಲಿಕೆಯವರು, 'ನಾವು ಆಗಲೇ ನೋಟಿಸ್ ಕೊಟ್ಟಿದ್ದೆವು' ಎಂದು ಕಡತ ತೆರೆದು ತೋರಿಸುತ್ತಾರೆ. ಇವರೆಲ್ಲರೂ ಸುಳ್ಳು ಹೇಳುತ್ತಿದ್ದಾರೆಂದು ಭಾವಿಸಬೇಕಾಗಿಲ್ಲ. ಪ್ರತಿಯೊಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇರಬಹುದು. ಆದರೆ ಆ ಸಣ್ಣ ಸಣ್ಣ ಸತ್ಯಗಳನ್ನೆಲ್ಲ ಒಟ್ಟುಗೂಡಿಸಿದಾಗ ಸಿಗುವ ಉತ್ತರ ಮಾತ್ರ ಭಯಾನಕವಾದುದು. ಅದೇನೆಂದರೆ, ಜನ ಸತ್ತಿದ್ದಾರೆ, ಆದರೆ ಅವರನ್ನು ಯಾರೂ ಕೊಂದಿಲ್ಲ!

ಇಂಥ ಸಾವುಗಳು ನಮಗೆ ಹೊಸತಲ್ಲ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ನಿರ್ಮಾಣ ಹಂತದಲ್ಲಿದ್ದ ಗಂಗಾರಾಂ ಕಟ್ಟಡ ಕುಸಿದು 123 ಮಂದಿ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡವೊಂದು ನೆಲಕ್ಕುರುಳಿ 19 ಜೀವಗಳು ಹೋದವು. ಮೇಲಿನ ಮಹಡಿಗಳ ಕೆಲಸ ನಡೆಯುತ್ತಿದ್ದಾಗಲೇ ಅಲ್ಲಿ ಕೆಳಗಿನ ಅಂಗಡಿಗಳಲ್ಲಿ ವ್ಯಾಪಾರ ಸಾಗಿತ್ತು. 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 9 ಮಂದಿ ಪ್ರಾಣ ಕಳೆದುಕೊಂಡರು. ಪಡೆದ ಅನುಮತಿಗಿಂತ ಹೆಚ್ಚು ಮಹಡಿಗಳು ಅಲ್ಲಿ ಎದ್ದಿದ್ದವು. ಇವೆಲ್ಲ ಸುದ್ದಿಯಾದ ಸಾವುಗಳು. ಸಾರುವೆಯಿಂದ ಜಾರಿ ಬಿದ್ದವನು, ಪಾಯದ ಗುಂಡಿಯಲ್ಲಿ ಮಣ್ಣು ಕುಸಿದು ಹೂತುಹೋದವನು, ಕಂಬಿ ಎತ್ತುವಾಗ ವಿದ್ಯುತ್ ತಂತಿ ತಗುಲಿ ಸತ್ತವನು - ಇವರೆಲ್ಲ ಒಬ್ಬೊಬ್ಬರಾಗಿ ಸಾಯುವವರು. ಅವರಿಗೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು.

'ಸುರಕ್ಷತೆ ಎಲ್ಲರ ಜವಾಬ್ದಾರಿ' ಎಂಬ ಫಲಕವನ್ನು ದೊಡ್ಡ ಕಾಮಗಾರಿಗಳ ಬಾಗಿಲಲ್ಲಿ ನೀವು ನೋಡಿರುತ್ತೀರಿ. ಮಾತು ಸರಿಯಾದುದೇ. ಆದರೆ ಎಲ್ಲರ ಹೊಣೆ ಎಂದರೆ ಏನರ್ಥ? ಹೊಣೆ ಹಂಚಿಕೊಂಡಾಗ ಅದು ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ? ಇದು ಎಂಜಿನಿಯರುಗಳಿಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲ. ಬದುಕಿನಲ್ಲಿ ಒಂದು ಮನೆಯನ್ನಾದರೂ ಕಟ್ಟಿಸುವ, ಕೊಳ್ಳುವ ಅಥವಾ ಬಾಡಿಗೆಗೆ ಹಿಡಿಯುವ ನಮ್ಮೆಲ್ಲರನ್ನೂ ತಟ್ಟುವ ನೈತಿಕ ಪ್ರಶ್ನೆ.

ಹಾಲಿನ ಕೊಳದ ಕಥೆ

ನಮ್ಮ ಹಿರಿಯರು ಹೇಳುವ ಕಥೆಯೊಂದಿದೆ. ರಾಜನೊಬ್ಬ ಹೊಸದಾಗಿ ಕಟ್ಟಿಸಿದ ಕೊಳಕ್ಕೆ ರಾತ್ರಿಯಲ್ಲಿ ಮನೆಗೊಂದು ಕೊಡ ಹಾಲು ಸುರಿಯಬೇಕೆಂದು ಡಂಗುರ ಹೊಡೆಸಿದ. ಇಷ್ಟು ಜನ ಹಾಲು ಹಾಕುವಾಗ ನನ್ನದೊಂದು ಕೊಡ ನೀರು ಬಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಪ್ರತಿಯೊಬ್ಬನೂ ಯೋಚಿಸಿದ. ಬೆಳಗ್ಗೆ ನೋಡಿದರೆ ಕೊಳದ ತುಂಬ ಬರೀ ನೀರು. ಈ ಕಥೆಯಲ್ಲಿ ದುಷ್ಟರು ಯಾರೂ ಇಲ್ಲ. ಇನ್ನೊಬ್ಬರು ತಮ್ಮ ಕೆಲಸ ಮಾಡಿಯೇ ಮಾಡುತ್ತಾರೆಂಬ ನಂಬಿಕೆಯೇ ಇಲ್ಲಿ ಕೊಳವನ್ನು ಹಾಳುಮಾಡಿತು.

ಕಟ್ಟಡದ ಕೆಲಸದಲ್ಲಿ ಈ ಕಥೆ ಅಕ್ಷರಶಃ ನಡೆದ ಉದಾಹರಣೆ ಇದೆ. 1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಹಯಾಟ್ ರೀಜೆನ್ಸಿ ಹೋಟೆಲಿನ ವಿಶಾಲ ಹಜಾರದಲ್ಲಿ ತೂಗುಹಾಕಿದ್ದ ಎರಡು ಕಾಲುಸೇತುವೆಗಳು ಕಳಚಿ ಬಿದ್ದು 114 ಮಂದಿ ಸತ್ತರು. ಹೋಟೆಲ್ ಆರಂಭವಾಗಿ ಒಂದು ವರ್ಷವಷ್ಟೇ ಆಗಿತ್ತು. ಮೂಲ ನಕ್ಷೆಯಲ್ಲಿ ಎರಡೂ ಸೇತುವೆಗಳು ಛಾವಣಿಯಿಂದ ಇಳಿದ ಒಂದೇ ಉದ್ದನೆಯ ಕಬ್ಬಿಣದ ಸರಳಿಗೆ ತೂಗಬೇಕಿತ್ತು. ಅಷ್ಟು ಉದ್ದದ ಸರಳನ್ನು ಕೂರಿಸುವುದು ಕಷ್ಟವೆಂದು ಅದನ್ನು ಎರಡು ತುಂಡು ಮಾಡಲಾಯಿತು. ಮೇಲಿನ ಸೇತುವೆ ಛಾವಣಿಗೆ ತೂಗಿತು, ಕೆಳಗಿನದು ಮೇಲಿನ ಸೇತುವೆಗೇ ತೂಗಿತು. ಬಾವಿಯ ಹಗ್ಗವೊಂದನ್ನು ಇಬ್ಬರು ಬೇರೆ ಬೇರೆಯಾಗಿ ಹಿಡಿದು ಜೋತಾಡಿದರೆ ಪ್ರತಿಯೊಬ್ಬನ ಕೈಗೂ ಅವನವನ ಭಾರ ಮಾತ್ರ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲನ್ನು ಹಿಡಿದರೆ ಮೇಲಿನವನ ಕೈಗೆ ಇಬ್ಬರ ಭಾರ. ಅಲ್ಲಿ ಆದದ್ದೂ ಇದೇ. ಮೊದಲೇ ದುರ್ಬಲವಾಗಿದ್ದ ಜೋಡಣೆಯ ಮೇಲೆ ಎರಡರಷ್ಟು ಭಾರ ಬಿತ್ತು.

ಲೆಕ್ಕ ಬಲ್ಲವರು ಯಾರಾದರೂ ಒಂದು ಕಾಗದದ ಮೇಲೆ ಹತ್ತು ನಿಮಿಷ ಲೆಕ್ಕ ಹಾಕಿದ್ದರೆ ಈ ತಪ್ಪು ಸಿಕ್ಕಿಬೀಳುತ್ತಿತ್ತು. ಯಾರೂ ಹಾಕಲಿಲ್ಲ. ಜೋಡಣೆಯ ಲೆಕ್ಕ ಉಕ್ಕಿನ ಕೆಲಸದವರದೆಂದು ಎಂಜಿನಿಯರುಗಳು ನಂಬಿದ್ದರು. ಎಂಜಿನಿಯರುಗಳ ನಕ್ಷೆಯಲ್ಲಿ ಲೆಕ್ಕ ಆಗಿದೆಯೆಂದು ಉಕ್ಕಿನ ಕೆಲಸದವರು ನಂಬಿದ್ದರು. ಬದಲಾವಣೆಯ ಬಗ್ಗೆ ದೂರವಾಣಿಯಲ್ಲಿ ಒಪ್ಪಿಗೆ ಕೇಳಿದ್ದೆವೆಂದು ಒಂದು ಕಡೆಯವರು ಹೇಳಿದರೆ, ಅಂಥ ಮಾತುಕತೆ ನಡೆದೇ ಇಲ್ಲವೆಂದು ಇನ್ನೊಂದು ಕಡೆಯವರು ಹೇಳಿದರು. ಕೊನೆಯಲ್ಲಿ ಇಬ್ಬರು ಎಂಜಿನಿಯರುಗಳ ಪರವಾನಗಿ ರದ್ದಾಯಿತು. ತಮ್ಮ ಮುದ್ರೆಯಿರುವ ನಕ್ಷೆಯ ಹೊಣೆಯನ್ನು ಇನ್ನೊಬ್ಬರ ಮೇಲೆ ದಾಟಿಸಲಾಗದು ಎಂಬುದು ಆ ತೀರ್ಪಿನ ತಿರುಳು.

ಅನೇಕ ಕೈಗಳು ಸೇರಿದ ಕೆಲಸದಲ್ಲಿ ತಪ್ಪಿಗೆ ಕೈಯೇ ಸಿಗದಂತಾಗುವ ಈ ಸ್ಥಿತಿಗೆ ಅಮೆರಿಕದ ರಾಜಕೀಯ ಚಿಂತಕ ಡೆನಿಸ್ ಥಾಂಪ್ಸನ್ 1980ರಲ್ಲಿ 'ಅನೇಕ ಕೈಗಳ ಸಮಸ್ಯೆ' ಎಂದು ಹೆಸರಿಟ್ಟರು. ಅವರು ಬರೆದದ್ದು ಸರಕಾರಿ ಅಧಿಕಾರಿಗಳ ಬಗ್ಗೆ. ಆದರೆ ಮಾಲೀಕ, ಬಿಲ್ಡರ್, ಉಪಗುತ್ತಿಗೆದಾರ, ಲೇಬರ್ ಕಂಟ್ರಾಕ್ಟರ್, ಮೇಸ್ತ್ರಿ ಎಂದು ಇಳಿಯುತ್ತಾ ಹೋಗುವ ನಮ್ಮ ಕಟ್ಟಡಗಳ ಸರಪಳಿಗೆ ಆ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಒಬ್ಬನನ್ನೇ ಹಿಡಿದರೆ ಸಾಕೇ?

ಹಾಗಾದರೆ ಒಬ್ಬನನ್ನೇ ಹೊಣೆ ಮಾಡಿಬಿಡುವುದು ಒಳ್ಳೆಯದಲ್ಲವೇ? ಹಾಗೆ ಯೋಚಿಸಿದವರೂ ಇದ್ದರು. ಇಂದಿನ ಇರಾಕಿನ ನೆಲದಲ್ಲಿ, ಸುಮಾರು 3,750 ವರ್ಷಗಳ ಹಿಂದೆ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಕಲ್ಲಿನಲ್ಲಿ ಕೆತ್ತಿಸಿದ ಶಾಸನದಲ್ಲಿ ಮನೆ ಕಟ್ಟುವವರ ಬಗ್ಗೆ ನಿಯಮಗಳಿವೆ. ಕಟ್ಟಿದ ಮನೆ ಬಿದ್ದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನಿಗೆ ಮರಣ. ಗುಲಾಮ ಸತ್ತರೆ ಬದಲಿಗೆ ಒಬ್ಬ ಗುಲಾಮನನ್ನು ಕೊಟ್ಟರೆ ಸಾಕು.

ಈ ನಿಯಮದಲ್ಲಿ ಗೊಂದಲವೇ ಇಲ್ಲ. ಆದರೆ ನ್ಯಾಯವೂ ಇಲ್ಲ. ಅಪ್ಪನ ತಪ್ಪಿಗೆ ಮಗ ಸಾಯಬೇಕು, ಗುಲಾಮನ ಜೀವ ಒಂದು ವಸ್ತುವಿನ ಬೆಲೆಗೆ ಸಮ. ಇನ್ನೂ ಒಂದು ವಿಷಯ ಗಮನಿಸಬೇಕು. ಮನೆಯೊಳಗೆ ವಾಸಿಸುವವರ ಸಾವಿನ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಹೇಳುವ ಆ ನಿಯಮಗಳು ಮನೆ ಕಟ್ಟುವಾಗ ಸಾಯುವ ಕೂಲಿಯವನ ಹೆಸರನ್ನೇ ಎತ್ತುವುದಿಲ್ಲ. ನಮ್ಮ ಮನಸ್ಸಿನ ಯಾವುದೋ ಮೂಲೆಯಲ್ಲಿ ಈ ಲೆಕ್ಕ ಇಂದಿಗೂ ಹಾಗೆಯೇ ಉಳಿದುಕೊಂಡಿದೆ. ಕೊಳ್ಳುವ ಮನೆ ಗಟ್ಟಿಯಾಗಿದೆಯೇ ಎಂದು ಕೇಳುವ ನಾವು, ಅದನ್ನು ಕಟ್ಟುವಾಗ ಎಷ್ಟು ಜನ ಬಿದ್ದರು ಎಂದು ಎಂದಾದರೂ ಕೇಳಿದ್ದೇವೆಯೇ?

ಊಟದ ಬಿಲ್ಲೂ ಜಾಮೀನಿನ ಸಹಿಯೂ

ಹಂಚಿಕೊಳ್ಳುವುದರಲ್ಲಿ ಎರಡು ಬಗೆಗಳಿವೆ. ಐದು ಗೆಳೆಯರು ಹೋಟೆಲಿನಲ್ಲಿ ಉಂಡು ಬಿಲ್ಲನ್ನು ಐದು ಪಾಲು ಮಾಡಿಕೊಳ್ಳುವುದು ಒಂದು ಬಗೆ. ಜನ ಹೆಚ್ಚಾದಷ್ಟೂ ಪಾಲು ಸಣ್ಣದಾಗುತ್ತದೆ. ಗೆಳೆಯನ ಸಾಲಕ್ಕೆ ಜಾಮೀನು ನಿಲ್ಲುವುದು ಇನ್ನೊಂದು ಬಗೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. 'ಸಾಲ ತೆಗೆದವನು ಅವನು, ಅವನನ್ನೇ ಕೇಳಿ' ಎಂದು ಜಾರಿಕೊಳ್ಳುವಂತಿಲ್ಲ. ಬ್ಯಾಂಕಿನವರು ಬಂದು ಬಾಗಿಲು ತಟ್ಟಿದ ಮೇಲೆ ಇದು ಅರ್ಥವಾದವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ.

ಜೀವರಕ್ಷಣೆಯ ಹೊಣೆ ಎರಡನೆಯ ಬಗೆಯದು. ಅದನ್ನು ಐದು ಜನ ಹೊತ್ತರೆ ಪ್ರತಿಯೊಬ್ಬನ ಪಾಲಿಗೆ ಐದನೇ ಒಂದು ಬರುವುದಲ್ಲ, ಪ್ರತಿಯೊಬ್ಬನಿಗೂ ಪೂರ್ಣ ಹೊಣೆ ಬರುತ್ತದೆ. ಏಕೆಂದರೆ ಕಾಪಾಡಬೇಕಾದ ವಸ್ತುವನ್ನು ಭಾಗ ಮಾಡಲಾಗದು. ಮೂರನೇ ಮಹಡಿಯ ಅಂಚಿನಲ್ಲಿ ನಿಂತವನು ಐದನೇ ಒಂದು ಭಾಗ ಮಾತ್ರ ಬೀಳುವುದಿಲ್ಲ. 'ನನ್ನ ಪಾಲನ್ನು ನಾನು ಮಾಡಿದ್ದೇನೆ' ಎಂಬ ಮಾತು ಊಟದ ಬಿಲ್ಲಿನ ವಿಷಯದಲ್ಲಿ ಸಮಾಧಾನ ಕೊಡಬಹುದು. ಕಣ್ಣೆದುರಿನ ಅಪಾಯದ ವಿಷಯದಲ್ಲಿ ಅದು ಕೇವಲ ನೆಪ.

ಪೂರ್ಣ, ಆದರೆ ಸಮಾನವಲ್ಲ

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಎಲ್ಲರಿಗೂ ಪೂರ್ಣ ಹೊಣೆ ಎಂದರೆ ಬಾಂಡ್ಲಿ ಹೊರುವ ಹೆಂಗಸೂ ಕೋಟಿಗಟ್ಟಲೆ ಹೂಡಿದ ಬಿಲ್ಡರನೂ ಒಂದೇ ಎಂದಾಯಿತಲ್ಲ? ಇದು ಅನ್ಯಾಯವಲ್ಲವೇ? ಹೌದು, ಹಾಗೆ ಅರ್ಥ ಮಾಡಿಕೊಂಡರೆ ಅನ್ಯಾಯವೇ. ಯಾರೂ ಇನ್ನೊಬ್ಬರ ಕಡೆ ಬೆರಳು ತೋರಿಸಿ ಜಾರಿಕೊಳ್ಳುವಂತಿಲ್ಲ ಎಂಬ ಅರ್ಥದಲ್ಲಿ ಹೊಣೆ ಪೂರ್ಣವಾದುದು. ಆದರೆ ತಪ್ಪಾದಾಗ ಯಾರ ಅಪರಾಧ ಎಷ್ಟು ದೊಡ್ಡದೆಂದು ಅಳೆಯುವಾಗ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿತ್ತು? ಅಪಾಯದ ಅರಿವು ಯಾರಿಗಿತ್ತು? ಕೆಲಸ ಮುಂದುವರಿದರೆ ಲಾಭ ಯಾರಿಗಿತ್ತು?

ಈ ಪ್ರಶ್ನೆಗಳ ತೂಕ ತಿಳಿಯಲು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಡೆ ನೋಡಬಹುದು. 2013ರ ಏಪ್ರಿಲ್ 23ರಂದು ಢಾಕಾ ಸಮೀಪದ ಸಾವರ್‌ನಲ್ಲಿದ್ದ ಆ ಬಹುಮಹಡಿ ಕಟ್ಟಡದಲ್ಲಿ ಬಿರುಕುಗಳು ಕಂಡವು. ಅದೇ ಕಟ್ಟಡದಲ್ಲಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳುಹಿಸಿತು. ಮೇಲಿನ ಮಹಡಿಗಳ ಸಿದ್ಧ ಉಡುಪು ಕಾರ್ಖಾನೆಗಳ ಕೆಲಸಗಾರರಿಗೆ ಮಾತ್ರ ಮರುದಿನ ಕೆಲಸಕ್ಕೆ ಬರಲೇಬೇಕೆಂದು ಹೇಳಲಾಯಿತು. ಏಪ್ರಿಲ್ 24ರ ಬೆಳಗ್ಗೆ ಕಟ್ಟಡ ಕುಸಿದು 1,134 ಮಂದಿ ಸತ್ತರು. ಬಿರುಕು ಎಲ್ಲರಿಗೂ ಕಂಡಿತ್ತು. ಒಳಗೆ ಹೋಗಲು ಕೆಲಸಗಾರರಿಗೂ ಭಯವಿತ್ತು. ಅರಿವಿದ್ದರೂ ಅವರಿಗೆ ಇಲ್ಲದಿದ್ದುದು 'ಬರುವುದಿಲ್ಲ' ಎನ್ನುವ ಅಧಿಕಾರ.

ನಮ್ಮಲ್ಲಿ ಅಪಘಾತವಾದಾಗ 'ಅವನು ಹೆಲ್ಮೆಟ್ ಹಾಕಿರಲಿಲ್ಲ, ಬೆಲ್ಟ್ ಕಟ್ಟಿಕೊಂಡಿರಲಿಲ್ಲ' ಎಂಬ ಮಾತು ಬೇಗನೆ ಕೇಳಿಬರುತ್ತದೆ. ಅತ್ತೆ ಒಡೆದರೆ ಹಳೆ ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ದೊಡ್ಡವರ ನಿರ್ಲಕ್ಷ್ಯ 'ತಾಂತ್ರಿಕ ದೋಷ'ವಾದರೆ ಬಡವನ ನಿರ್ಲಕ್ಷ್ಯ ಅವನ 'ಸ್ವಯಂಕೃತ ಅಪರಾಧ'ವಾಗುತ್ತದೆ. ಕೆಲಸಗಾರರಲ್ಲಿ ಅಸಡ್ಡೆ ಇಲ್ಲವೇ ಇಲ್ಲ ಎಂದಲ್ಲ. ಸೆಖೆಗೆ ಹೆಲ್ಮೆಟ್ ತೆಗೆದಿಡುವವರಿದ್ದಾರೆ, ಬೆಲ್ಟ್ ಕಟ್ಟಿಕೊಳ್ಳುವುದು ಹೇಡಿತನ ಎಂದು ನಗುವವರಿದ್ದಾರೆ, ಕುಡಿದು ಸಾರುವೆ ಹತ್ತುವವರೂ ಇದ್ದಾರೆ. ಅದು ತಪ್ಪು, ಅದನ್ನು ತಪ್ಪೆಂದೇ ಹೇಳಬೇಕು. ಆದರೆ ಬೆಲ್ಟಿನ ಕೊಕ್ಕೆ ಸಿಕ್ಕಿಸಲು ಒಂದು ಗಟ್ಟಿ ಹಗ್ಗವನ್ನಾದರೂ ಅಲ್ಲಿ ಕಟ್ಟಿದ್ದರೇ? ಚದರಡಿ ಲೆಕ್ಕದಲ್ಲಿ ಕೂಲಿ ಕೊಡುವಾಗ ನಿಧಾನವಾಗಿ, ಜಾಗ್ರತೆಯಿಂದ ಕೆಲಸ ಮಾಡುವವನಿಗೆ ನಷ್ಟವಾಗುವುದಿಲ್ಲವೇ? ರಾಯಚೂರಿನಿಂದಲೋ ಬಿಹಾರದಿಂದಲೋ ಮುಂಗಡ ಪಡೆದು ಬಂದು ತಗಡಿನ ಶೆಡ್ಡಿನಲ್ಲಿ ಮಲಗುವವನು, 'ಈ ಸಾರುವೆ ಅಲ್ಲಾಡುತ್ತಿದೆ, ನಾನು ಹತ್ತುವುದಿಲ್ಲ' ಎಂದರೆ ಸಂಜೆ ಅವನಿಗೆ ಕೂಲಿ ಸಿಗುತ್ತದೆಯೇ? ಇಲ್ಲ ಎನ್ನುವ ಹಕ್ಕನ್ನು ಕಿತ್ತುಕೊಂಡು, ಹೌದು ಎಂದದ್ದಕ್ಕೆ ಅವನನ್ನೇ ದೂರುವುದು ನ್ಯಾಯವಲ್ಲ.

ಕರಾವಳಿಯ ಸಾವಿರಾರು ಕುಟುಂಬಗಳಿಗೆ ಗಲ್ಫ್ ದೇಶಗಳ ಬಿಸಿಲಿನ ಪರಿಚಯವಿದೆ. ಅಲ್ಲಿನ ಕೂಲಿ ಕೆಲಸಗಾರರ ಕಷ್ಟಗಳ ಬಗ್ಗೆ ಹೇಳಬೇಕಾದುದು ಬಹಳವಿದೆ. ಆದರೆ ಯುಎಇಯಲ್ಲಿ ಎರಡು ದಶಕಗಳಿಂದ ಇರುವ ಒಂದು ನಿಯಮ ಗಮನಾರ್ಹ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ, ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. 'ನನಗೆ ತಲೆ ಸುತ್ತುತ್ತಿದೆ' ಎಂದು ಕೆಲಸಗಾರನೇ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗಡಿಯಾರವೇ ಅವನ ಪರವಾಗಿ ಹೇಳುತ್ತದೆ. ದುರ್ಬಲನ ಧೈರ್ಯವನ್ನು ನಂಬಿ ಕೂರುವ ಬದಲು ಬಲವುಳ್ಳವನ ಕೈ ಕಟ್ಟುವುದೇ ಒಳ್ಳೆಯ ನಿಯಮದ ಲಕ್ಷಣ.

ಕಾನೂನು ಎಲ್ಲಿಗೆ ತಲುಪುತ್ತದೆ?

ನಮ್ಮಲ್ಲಿ ಕಾನೂನುಗಳಿಗೆ ಕೊರತೆಯಿಲ್ಲ. 1996ರಲ್ಲಿ ಕಟ್ಟಡ ಕಾರ್ಮಿಕರಿಗಾಗಿಯೇ ಪ್ರತ್ಯೇಕ ಕಾಯ್ದೆ ಬಂತು. ನಿರ್ಮಾಣ ವೆಚ್ಚದ ಮೇಲೆ ಶೇಕಡ 1ರ ಸೆಸ್ ಸಂಗ್ರಹಿಸುವ ವ್ಯವಸ್ಥೆಯಾಯಿತು. ಕರ್ನಾಟಕದಲ್ಲಿ ಕಾರ್ಮಿಕರ ಕಲ್ಯಾಣ ಮಂಡಳಿ 2007ರಲ್ಲಿ ರಚನೆಯಾಯಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ, 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಆ ಹಳೆಯ ಕಾಯ್ದೆ ವಿಲೀನವಾಗಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು 2022ರಲ್ಲಿ ಸುರಕ್ಷಿತ ಕೆಲಸದ ವಾತಾವರಣವನ್ನು ದುಡಿಯುವವರ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿದೆ.

ಆದರೂ ಎರಡು ಮಾತು ಹೇಳಬೇಕು. ಮೊದಲನೆಯದಾಗಿ, ನಾವು ಕಲ್ಯಾಣವನ್ನೂ ಸುರಕ್ಷತೆಯನ್ನೂ ಒಂದೆಂದು ತಿಳಿದಿದ್ದೇವೆ. ಪಿಂಚಣಿ, ಮಕ್ಕಳಿಗೆ ವಿದ್ಯಾರ್ಥಿವೇತನ, ಮರಣ ಪರಿಹಾರ - ಇವೆಲ್ಲ ಬೇಕು. ಆದರೆ ಸತ್ತ ಮೇಲೆ ಕೊಡುವ ಹಣ ಸಾಯದಂತೆ ನೋಡಿಕೊಳ್ಳುವ ಕರ್ತವ್ಯಕ್ಕೆ ಬದಲಿಯಲ್ಲ. ಪರಿಹಾರ ಕೊಟ್ಟು ಕೈತೊಳೆದುಕೊಂಡರೆ ಹಮ್ಮುರಾಬಿಯ ಕಾಲದ 'ಗುಲಾಮನಿಗೆ ಬದಲು ಗುಲಾಮ' ಎಂಬ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಹೆಚ್ಚು ಅಂತರ ಉಳಿಯದು.

ಎರಡನೆಯದಾಗಿ, ಕಾನೂನಿನ ಕಣ್ಣು ದೊಡ್ಡ ಕಾಮಗಾರಿಯ ಮೇಲೆ ಬೀಳುವಷ್ಟು ನಮ್ಮ ಬೀದಿಯ ಮನೆಯ ಮೇಲೆ ಬೀಳುವುದಿಲ್ಲ. 1996ರ ಕಾಯ್ದೆಯೇ ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಮೂವತ್ತು ನಲವತ್ತರ ನಿವೇಶನದಲ್ಲಿ ಮೇಸ್ತ್ರಿಯೊಬ್ಬನಿಗೆ ಕೆಲಸ ವಹಿಸಿ ನಾವು ಕಟ್ಟಿಸುವ ಮನೆಯಲ್ಲಿ ಸುರಕ್ಷತಾ ಅಧಿಕಾರಿ ಇರುವುದಿಲ್ಲ. ಅಲ್ಲಿ ಅಧಿಕಾರ, ಅರಿವು, ಲಾಭ ಮೂರರಲ್ಲೂ ದೊಡ್ಡ ಪಾಲು ಮನೆ ಕಟ್ಟಿಸುವವರದೇ. ಚಂದಾ ಎತ್ತಿ ಪ್ರಾರ್ಥನಾಲಯ, ಶಾಲೆ, ಸಮುದಾಯ ಭವನ ಕಟ್ಟಿಸುವ ಸಮಿತಿಗಳಿಗೂ ಈ ಮಾತು ಅನ್ವಯಿಸುತ್ತದೆ. ಪುಣ್ಯದ ಕೆಲಸವೆಂದು ಕಡಿಮೆ ಖರ್ಚಿನಲ್ಲಿ ಮುಗಿಸುವ ಆತುರದಲ್ಲಿ ಕೂಲಿಯವನ ಜೀವವನ್ನು ನಾವು ಅವನ ಒಪ್ಪಿಗೆಯಿಲ್ಲದೆ ಚಂದಾ ಪಟ್ಟಿಗೆ ಸೇರಿಸಿರುತ್ತೇವೆ.

ಕಟ್ಟಿಸುವವರು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ತಿಳಿದುಕೊಳ್ಳಬೇಕಾದುದು ಕೆಲವೇ ಸಂಗತಿಗಳು. ಕಾಂಕ್ರೀಟಿನ ಬಲವನ್ನು ಸಾಮಾನ್ಯವಾಗಿ 28 ದಿನಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಭಾರತೀಯ ಮಾನಕ ಸಂಹಿತೆಯ ಪ್ರಕಾರ, ಸಾಮಾನ್ಯ ಸಿಮೆಂಟಿನಲ್ಲಿ ನಾಲ್ಕೂವರೆ ಮೀಟರ್‌ವರೆಗಿನ ಹರವಿನ ಛಾವಣಿಗೆ ಕೊಟ್ಟ ಆಧಾರದ ಕಂಬಗಳನ್ನು 7 ದಿನಕ್ಕೆ ಮೊದಲು, ಅದಕ್ಕಿಂತ ಹೆಚ್ಚಿನ ಹರವಿಗೆ 14 ದಿನಕ್ಕೆ ಮೊದಲು ತೆಗೆಯಬಾರದು. ಆರು ಮೀಟರ್‌ಗಿಂತ ಉದ್ದದ ತೊಲೆಗೆ 21 ದಿನ ಬೇಕು. ಸೆಂಟ್ರಿಂಗ್ ಸಾಮಾನಿನ ಬಾಡಿಗೆ ಏರುತ್ತದೆಯೆಂದೋ ಗೃಹಪ್ರವೇಶದ ದಿನ ಹತ್ತಿರ ಬಂತೆಂದೋ ಅವಸರ ಮಾಡಿದರೆ ಸಿಮೆಂಟು ನಮ್ಮ ಅವಸರವನ್ನು ಕೇಳುವುದಿಲ್ಲ. ಒಂದೂವರೆ ಮೀಟರ್‌ಗಿಂತ ಆಳದ ಗುಂಡಿ ತೋಡಿದರೆ ಪಕ್ಕದ ಮಣ್ಣು ಕುಸಿಯದಂತೆ ಆಧಾರ ಕೊಡಬೇಕು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಯ ಮೇಲೆ ಅದು ಬಿದ್ದವನು ಕೂಗಿ ಕರೆಯಲೂ ಆರನು.

ದಾರಿಹೋಕನ ಪಾಲು

ಕಟ್ಟಡದೊಂದಿಗೆ ಯಾವ ಸಂಬಂಧವೂ ಇಲ್ಲದ ದಾರಿಹೋಕನಿಗೆ ಇದರಲ್ಲಿ ಪಾಲಿದೆಯೇ? 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕಾಗಿ ನಿಲ್ಲಿಸಿದ್ದ ಕಂಬಿಗಳ ಎತ್ತರದ ಗೂಡು ರಸ್ತೆಗೆ ಉರುಳಿ ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಆಕೆಯ ಎಳೆಯ ಮಗ ಸತ್ತರು. ಅಪಾಯದಲ್ಲಿ ಪಾಲು ಇರುವವರಿಗೆ ಪ್ರಶ್ನಿಸುವ ಹಕ್ಕಿನಲ್ಲೂ ಪಾಲು ಇರಬೇಕು. ಪಕ್ಕದ ಮನೆಯ ಗೋಡೆಗೆ ತಾಗಿ ಪಾಯ ತೋಡುವುದನ್ನು, ತಲೆಯ ಮೇಲೆ ಬಲೆಯಿಲ್ಲದೆ ಇಟ್ಟಿಗೆ ಎತ್ತುವುದನ್ನು, ಮೂರಕ್ಕೆ ಅನುಮತಿ ಪಡೆದು ಆರು ಮಹಡಿ ಏರಿಸುವುದನ್ನು ನಾವು ದಿನವೂ ನೋಡುತ್ತೇವೆ. 'ನಮಗೇಕೆ ಬೇಕು ಊರ ಉಸಾಬರಿ' ಎಂದು ಮುಂದೆ ನಡೆಯುತ್ತೇವೆ. ನೋಡಿಯೂ ನೋಡದಂತೆ ಹೋದವನ ಅಪರಾಧ ಕಟ್ಟಿದವನ ಅಪರಾಧಕ್ಕೆ ಸಮವಲ್ಲ, ನಿಜ. ಆದರೆ ಅದು ಸೊನ್ನೆಯೂ ಅಲ್ಲ.

ಇಷ್ಟೆಲ್ಲ ಜಾಗ್ರತೆ ವಹಿಸಿದರೆ ಖರ್ಚು ಹೆಚ್ಚಾಗುವುದಿಲ್ಲವೇ, ಬಡವರು ಮನೆ ಕಟ್ಟುವುದು ಹೇಗೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಪ್ರಾಮಾಣಿಕವಾದುದು. ಆದರೆ ಆ ಖರ್ಚನ್ನು ಈಗ ಯಾರೂ ಭರಿಸುತ್ತಿಲ್ಲ ಎಂದು ಭಾವಿಸುವುದು ತಪ್ಪು. ಸೊಂಟ ಮುರಿದುಕೊಂಡು ಊರಿಗೆ ಮರಳಿದವನು ಭರಿಸುತ್ತಿದ್ದಾನೆ. ಶಾಲೆ ಬಿಟ್ಟು ಅವನ ಜಾಗದಲ್ಲಿ ಕೆಲಸಕ್ಕೆ ನಿಂತ ಅವನ ಮಗ ಭರಿಸುತ್ತಿದ್ದಾನೆ. ಅಗ್ಗವಾಗಿ ಎದ್ದ ಮನೆಯ ಬಾಕಿ ಬೇರೊಬ್ಬರ ಮನೆಯಲ್ಲಿ ವಸೂಲಾಗುತ್ತಿರುತ್ತದೆ.

ರಾಣಾ ಪ್ಲಾಜಾದ ನಂತರ ಬಾಂಗ್ಲಾದೇಶದಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು. 2013ರ ಮೇ ತಿಂಗಳಲ್ಲಿ ಬಟ್ಟೆ ಕೊಳ್ಳುವ ವಿದೇಶಿ ಕಂಪೆನಿಗಳೂ ಕಾರ್ಮಿಕ ಸಂಘಗಳೂ ಕಾನೂನುಬದ್ಧವಾದ ಒಪ್ಪಂದಕ್ಕೆ ಸಹಿ ಹಾಕಿದವು. ಕಾರ್ಖಾನೆ ಕಟ್ಟಡಗಳ ತಪಾಸಣೆಯ ವರದಿಗಳು ಎಲ್ಲರಿಗೂ ಸಿಗುವಂತಾದವು. ಅಪಾಯಕರ ಕೆಲಸವನ್ನು ನಿರಾಕರಿಸುವ ಹಕ್ಕು ಕೆಲಸಗಾರರಿಗೆ ದೊರೆಯಿತು. ಹಂಚಿಕೊಂಡ ಹೊಣೆ ಫಲಕದಿಂದ ಇಳಿದು ಕಾಗದಕ್ಕೆ ಬಂದಾಗ, ಕಾಗದದ ಕೆಳಗೆ ಹೆಸರುಗಳು ಬಿದ್ದಾಗ ಮಾತ್ರ ಅದಕ್ಕೆ ಜೀವ ಬರುತ್ತದೆ.

ನಮ್ಮ ಸಣ್ಣ ಕೆಲಸಗಳಲ್ಲೂ ಇದು ಸಾಧ್ಯ. ಕರಾರು ಬರೆಯುವಾಗ ಸಿಮೆಂಟಿನ ಕಂಪೆನಿ, ಕಂಬಿಯ ದಪ್ಪ, ಟೈಲ್ಸಿನ ಬೆಲೆ ಎಲ್ಲವನ್ನೂ ಬರೆಯುತ್ತೇವೆ. ಅದರ ಜೊತೆಗೆ ಮೂರು ಸಾಲು ಸೇರಿಸಬಹುದು. ಸಾರುವೆಯನ್ನೂ ಗುಂಡಿಯನ್ನೂ ದಿನವೂ ಪರೀಕ್ಷಿಸುವವರು ಯಾರೆಂದು ಹೆಸರು ಬರೆಯುವುದು ಒಂದು. ಹೆಲ್ಮೆಟ್, ಬೆಲ್ಟ್, ಬಲೆಗಳ ಖರ್ಚು ಯಾರದೆಂದು ಬರೆಯುವುದು ಎರಡು. ಅಪಾಯ ಕಂಡು ಕೆಲಸ ನಿಲ್ಲಿಸಿದವನ ಆ ದಿನದ ಕೂಲಿಯನ್ನು ಕಡಿಯುವಂತಿಲ್ಲ ಎಂಬುದು ಮೂರು. ಈ ಮೂರನೆಯ ಸಾಲಿಗೆ ಮನೆ ಕಟ್ಟಿಸುವವರು ತೆರಬೇಕಾದ ಬೆಲೆ ಹೆಚ್ಚೆಂದರೆ ಒಂದು ದಿನದ ಕೂಲಿ. ಅದು ಇಲ್ಲದಿದ್ದರೆ ಕೂಲಿಯವನು ತೆರಬೇಕಾದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.